ಹೊಸ್ತಿಲು ದಾಟಿದ ಬೋಗುಣಿ

ಮೀನು ಮಾರುವ ದೆದೇಯ್ ಎಂಬಾಕೆ ರಸ್ತೆಯ ಅಂಚಿನಲ್ಲಿ ನಡೆದದ್ದನ್ನು ಕಡಲಂಚಿನ ನಮ್ಮ ಬುಕೊಮ್ ಕೇರಿಯಲ್ಲಿ ಯಾರೂ ಕಂಡವರಿಲ್ಲ. ತಲೆಯ ಮೇಲೆ ಹೊಗೆಯಲ್ಲಿ ಒಣಗಿಸಿದ ಮೀನಿನ ತಟ್ಟೆ, ಮೈಮೇಲೆ ಎಂಥ ಸೆಕೆಯಲ್ಲೂ ಕಳಚದ, ಗತಿಸಿದ ಗಂಡನ ಕಂದು ಉಣ್ಣೆಯ ಕೋಟು. ಎದೆ ಮುಂದೆ ಮಾಡಿಕೊಂಡು ನಡುಬೀದಿಯಲ್ಲೇ ಆಕೆ ಸಾಗಿದರೆ ಟ್ಯಾಕ್ಸಿಯವರೇ ಪಕ್ಕಕ್ಕೆ ಸರಿಯಬೇಕು. "ಸಮುದ್ರಾನೇ ನನಗೆ ದಾರಿ ಬಿಡತ್ತೆ, ನಿನ್ನ ಡಬ್ಬ ಯಾವ ಲೆಕ್ಕ?" ಎಂಬುದು ಆಕೆಯ ನಿತ್ಯದ ಮಾತು. ಇಂಥ ಹೆಂಗಸಿನ ನಾಲಗೆಯ ಮೇಲೆ ‘ತಪ್ಪಾಯ್ತು’ ಎಂಬ ಪದ ಜನ್ಮವೆತ್ತಲೇ ಇಲ್ಲವೆಂದರೆ ಆಶ್ಚರ್ಯವೇನು! ಯಾರದಾದರೂ ಕಾಲು ತುಳಿದರೆ, ಕಾಲನ್ನು ಅಲ್ಲೇಕೆ ಇಟ್ಟೆಯೆಂದು ದಬಾಯಿಸುವಳು. ಮರುದಿನ ಸದ್ದಿಲ್ಲದೆ ಅವರ ಮನೆಗೆ ಮೀನು ಕಳಿಸುವಳು.

ಹಸಿವನ್ನೇ ಕೇಕೆ ಹಾಕಿ ಗೇಲಿ ಮಾಡುವ ಹೊಮೊವೊ ಹಬ್ಬದಂದು ಬಂಧುಬಳಗವೆಲ್ಲ ಹಿರಿಯ ಕಿರಿಯರೆಂಬ ಭೇದವಿಲ್ಲದೆ ಒಂದೇ ಬೋಗುಣಿಗೆ ಕೈಹಾಕಿ ಉಣ್ಣಬೇಕು. ಆ ಮನೆತನದಲ್ಲಿ ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಬೇಯಿಸುವುದು ದೆದೇಯ್ ಪಾಲು, ತಾಳೆಹಣ್ಣಿನ ಸಾರು ತಂಗಿ ಕೊರ್ಕೊಯ್ ಪಾಲು. ಹೋದ ವರ್ಷ ನೆಂಟರೆದುರಿಗೆ ದೆದೇಯ್, "ಈ ಸಾರಲ್ಲಿ ಮೀನು ಹುಡುಕೋಕೆ ದೋಣಿ ಬೇಕು!" ಎಂದುಬಿಟ್ಟಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊರ್ಕೊಯ್ ಎದ್ದು ಕೈ ತೊಳೆದಳು. "ನೀನು ತಪ್ಪಾಯ್ತು ಅನ್ನೋವರೆಗೂ ನಾನು ಈ ಬೋಗುಣಿ ಮುಟ್ಟಲ್ಲ ಕಣೇ" ಎಂದು ಗಂಡನ ಕಡೆಯವರ ಮನೆ ಸೇರಿದಳು.

ಈ ವರ್ಷ ಬಿತ್ತನೆಯಾಯಿತು. ಪೈರು ಮೇಲೇಳುವತನಕ ಡೋಲು ಬಾರಿಸುವಂತಿಲ್ಲ, ಜಗಳಕ್ಕೆ ದನಿ ಎತ್ತುವಂತಿಲ್ಲ; ಹಬ್ಬಕ್ಕೆ ಮುಂಚಿನ ಕಟ್ಟಳೆ ಅದು. ಆ ಮೌನವ್ರತ ದೆದೇಯ್‌ಳನ್ನು ಹಣ್ಣುಮಾಡಿತು. "ಅವಳಿಲ್ದೇ ಹಬ್ಬ ನಡೆಯಲ್ವಾ?" ಎಂದು ಗೊಣಗುತ್ತ ಪಾತ್ರೆ ಕುಕ್ಕುವಳು, ಕಣ್ಣು ಮಾತ್ರ ಬಾಗಿಲ ಕಡೆಗೇ. ಊರೂರಿಂದ ನೆಂಟರನ್ನು ಹೊತ್ತ ಲಾರಿಗಳು ಬಂದವು. ಪಕ್ಕದ ಬೀದಿಯ ಕೊರ್ಕೊಯ್ ಬರಲಿಲ್ಲ.

ಹಬ್ಬದ ದಿನ ತಮ್ಮ ಲಾಂಟೇ ಪಿತೃಗಳಿಗೆಂದು ಹಿಟ್ಟು ಚೆಲ್ಲಿ ಬಂದು ಕುಳಿತ. ಮೊದಲ ತುತ್ತು ಹಿರಿಯಕ್ಕನದು.

"ಕೈ ಹಾಕೇ ಅಕ್ಕಾ, ಆರಿಹೋಗ್ತಿದೆ."

"ಆರಲಿ ಬಿಡೋ. ಅವಳು ಅಲ್ಲಿ, ನಾನಿಲ್ಲಿ... ಗಂಟಲಲ್ಲಿ ಇಳಿಯಲ್ಲ ನನಗೆ." ಆಕೆ ತಲೆಗೆ ಸಿಂಬೆ ಸುತ್ತಿಕೊಂಡಳು. "ಎತ್ತೋ ಬೋಗುಣೀನ!"

"ಹುಚ್ಚು ಹಿಡೀತಾ ನಿಂಗೆ? ಅಜ್ಜನ ಕಾಲದಿಂದ ಇದು ಹೊಸ್ತಿಲು ದಾಟಿಲ್ಲ!"

"ಅಜ್ಜನಿಗೆ ಇಂಥ ತಂಗಿ ಇರ್ಲಿಲ್ಲ. ಎತ್ತೋ!"

ಎತ್ತಿದರು. ಡೋಲುಗಳು ಮೊರೆಯುವ, ಕೇಕೆ ಮುಗಿಲು ಮುಟ್ಟುವ ಆ ಬೀದಿಯ ನಟ್ಟನಡುವೆ, ಮನೆತನದ ಊಟವನ್ನೆಲ್ಲ ತಲೆಯ ಮೇಲೆ ಹೊತ್ತು ಆಕೆ ನಡೆದಳು. ಹಿಂದೆ ಹಸಿದ ನೆಂಟರ ದಂಡು, ಅದರ ಹಿಂದೆ ಇಡೀ ಕೇರಿ. ತಂಗಿಯ ಮನೆಯೆದುರು ನಿಂತು ಕೂಗಿದಳು:

"ಏ ಕೊರ್ಕೊಯ್! ಈ ಸಲ ಸಾರು ನಾನೇ ಮಾಡಿದೀನಿ. ಮೀನೇನೋ ಇದೆ, ರುಚಿ ಸತ್ತುಹೋಗಿದೆ. ಬಾ, ಊರೆದುರಿಗೇ ಬೈಯಿ!"

ಕೊರ್ಕೊಯ್ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಮೊದ್ಲು ತಪ್ಪಾಯ್ತು ಅನ್ನು."

"ಅದೊಂದು ಬಿಟ್ಟು ಬೇರೇನಾದ್ರೂ ಕೇಳೇ," ಎನ್ನುವಾಗ ದೆದೇಯ್ ಕಣ್ಣಲ್ಲಿ ನೀರು.

ಕೊರ್ಕೊಯ್ ಅಕ್ಕನನ್ನು ನೋಡಿದಳು, ಬೋಗುಣಿಯನ್ನು ನೋಡಿದಳು. ತಡೆಯಲಾರದೆ ನಕ್ಕು ತಾನೇ ಅದನ್ನು ಕೆಳಗಿಳಿಸಿ, ಬೆರಳದ್ದಿ ನೆಕ್ಕಿ, "ಥೂ! ಇದಕ್ಕೆ ಉಪ್ಪು ಹಾಕೋಕೂ ನಾನೇ ಬರ್ಬೇಕಾ?" ಎಂದಳು. ಬೀದಿ ಹೋ ಎಂದು ಕೇಕೆ ಹಾಕಿತು. ಆ ಮನೆತನ ಅಂದು ರಸ್ತೆಯಲ್ಲೇ ಉಂಡಿತು; ಟ್ಯಾಕ್ಸಿಯವರೂ ಇಳಿದು ಬಂದು ಕೈಹಾಕಿದರು.

ತಪ್ಪನ್ನು ಮೃದುವಚನದಲ್ಲಿ ತೀರಿಸಿ ನಿಶ್ಚಿಂತೆಯಿಂದ ಉಣ್ಣುವ ಸಜ್ಜನರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ದೆದೇಯ್‌ಳಂಥವರಿಗೆ ಆ ವಿದ್ಯೆ ಒಲಿಯುವುದಿಲ್ಲ; ಅವರು ಬಾಗಲಾರರು, ಆದರೆ ನಮ್ಮನ್ನು ಬಿಟ್ಟು ಒಂದು ತುತ್ತೂ ಉಣ್ಣಲಾರರು. ಅಂಥವರೊಬ್ಬರು ಮನೆಯಲ್ಲಿದ್ದರೆ ದಿನಬೆಳಗಾದರೆ ಜಗಳ ತಪ್ಪಿದ್ದಲ್ಲ. ಆದರೆ ಮುನಿಸಿಕೊಂಡವರು ಯಾರೂ ಹಸಿದು ಮಲಗುವುದಿಲ್ಲ.