ದೊಡ್ಡ ಮನುಷ್ಯರು ಕೊಟ್ಟ ಮಾತು

ನಮ್ಮ ಯಜಮಾನರಷ್ಟು ಪೆದ್ದರು ಲೋಕದಲ್ಲಿ ಇನ್ನೊಬ್ಬರಿಲ್ಲ. ಆದರೆ ಈ ಸಲ ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ಇವರು ಮೆಕ್ಯಾನಿಕ್ ಆಗಿದ್ದ ಹಳೆಯ ಪ್ರಿಂಟಿಂಗ್ ಪ್ರೆಸ್ಸು ಬಾಗಿಲು ಹಾಕಿದ ಮೇಲೆ ಇನ್ನೊಂದು ದೊಡ್ಡ ಪ್ರೆಸ್ಸಿಗೆ ಕೆಲಸ ಕೇಳಿಕೊಂಡು ಹೋಗಿದ್ದರು. ಅಲ್ಲಿಯ ಮಾಲೀಕ ಟೀ ಕುಡಿಸಿ, ಹೆಗಲ ಮೇಲೆ ಕೈಯಿಟ್ಟು, “ಮತ್ತೆ ಸಿಗೋಣ” ಅಂದನಂತೆ. ಅಷ್ಟೇ. ಮನೆಗೆ ಬಂದವರು ಅಂಗಿ ಇಸ್ತ್ರಿ ಮಾಡಿಟ್ಟುಕೊಂಡು ಕೂತುಬಿಟ್ಟರು.

ಇವರ ಮನೆತನದಲ್ಲಿ ಸಿಗೋಣ ಅಂದರೆ ಸಿಗಲೇಬೇಕು. ಸಿಗುತ್ತೇನೆ ಅಂದಿದ್ದ ಜಾಗಕ್ಕೆ ನಮ್ಮತ್ತೆ ಜ್ವರದಲ್ಲೂ ಶಾಲು ಹೊದ್ದು ಹೋಗಿ ನಿಂತವರು. ಅಷ್ಟರಲ್ಲಿ ನನ್ನ ಅಣ್ಣ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಇವರಿಗೊಂದು ಕೆಲಸ ಹುಡುಕಿಕೊಟ್ಟ. ಇವತ್ತು ಸಂಜೆಯೊಳಗೆ ಹೂಂ ಅನ್ನಬೇಕು. ಇವರದು ಒಂದೇ ರಾಗ: “ಅಷ್ಟು ದೊಡ್ಡೋರು ಮಾತು ಕೊಟ್ಟಿದಾರೆ ಕಣೆ. ಈಗ ನಾನು ಕೈ ಕೊಟ್ರೆ ಚೆನ್ನಾಗಿರುತ್ತಾ?”

ಗೋಡೆಗೆ ಹೇಳಿ ಪ್ರಯೋಜನವಿಲ್ಲವೆಂದು ನಾನೇ ಆ ಪ್ರೆಸ್ಸಿಗೆ ಹೋದೆ. ಮಾಲೀಕನಿಗೆ ಇವರ ಮುಖವೇ ನೆನಪಿರಲಿಲ್ಲ. ಬಿಡಿಸಿ ಬಿಡಿಸಿ ಹೇಳಿದೆ.

“ಓ, ಅವರಾ! ಆ ಜಾಗಕ್ಕೆ ಅವತ್ತೇ ಬೇರೆಯವರನ್ನ ತಗೊಂಡ್ವಲ್ಲಮ್ಮ.”

“ಮತ್ತೆ ಸಿಗೋಣ ಅಂದಿದ್ರಂತೆ?”

“ಅದು ಸುಮ್ನೆ ಅನ್ನೋ ಮಾತು. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋಕಾಗುತ್ತಾ?”

ನನಗೆ ಮೈಯೆಲ್ಲ ಉರಿಯಿತು. ಇವನು ಒಳ್ಳೆಯವನು ಅನ್ನಿಸಿಕೊಳ್ಳಲಿ ಅಂತ ನಮ್ಮ ಮನೆಯ ಒಲೆ ಆರಬೇಕೆ? ಇಲ್ಲ ಅನ್ನುವ ಎರಡಕ್ಷರ ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಮನೆಗೆ ಫೋನ್ ಮಾಡಿ, “ಮಾಲೀಕರು ಮಾತಾಡ್ತಾರೆ, ತಗೊಳ್ಳಿ” ಅಂದು ಅವನ ಮುಂದೆ ಹಿಡಿದೆ. “ನಾನು ಹೇಳಿದ್ರೆ ಅವ್ರು ನಂಬಲ್ಲ. ಕೆಲಸ ಇಲ್ಲ ಅಂತ ನೀವೇ ಬಾಯಿಬಿಟ್ಟು ಹೇಳಿ.”

ಇವರ ದನಿ ನನಗೂ ಕೇಳಿಸಿತು: “ಸಾರ್! ನೀವು ಮಾತಿಗೆ ತಪ್ಪೋರಲ್ಲ ಅಂತ ಮನೇಲಿ ಹೇಳ್ತಾನೇ ಇದ್ದೆ ಸಾರ್!”

ಮಾಲೀಕ ಗಂಟಲು ಸರಿಮಾಡಿಕೊಂಡ. ನನ್ನನ್ನು ನೋಡಿದ, ಮೇಜನ್ನು ನೋಡಿದ. “ಹಾಂ, ಹಾಂ... ಮತ್ತೆ ಸಿಗೋಣ” ಅಂದವನೇ ಫೋನನ್ನು ನನ್ನ ಕೈಗೆ ತುರುಕಿದ.

ಥೂ, ಇವನ ಜನ್ಮಕ್ಕಿಷ್ಟು!

“ಕೇಳಿಸ್ತೇನೇ? ನಾನು ಹೇಳಿರ್ಲಿಲ್ವಾ!” ಅಂತ ಅತ್ತ ಇವರು ಹಿಗ್ಗುತ್ತಿದ್ದರು. ಆ ಹೇಡಿಯ ಎದುರಿಗೇ ನಿಂತು, ಅವನು ಹೇಳಬೇಕಾದದ್ದನ್ನು ನಾನು ಹೇಳಬೇಕಾಯಿತು.

“ಕೆಲಸ ಇಲ್ಲ ಕಣ್ರೀ. ಅವತ್ತೇ ಇರ್ಲಿಲ್ಲ. ಈಗಲೇ ಅಣ್ಣಂಗೆ ಫೋನ್ ಮಾಡಿ ಹೂಂ ಅನ್ನಿ.”

ಇವರು ದನಿ ತಗ್ಗಿಸಿ ಕೇಳಿದರು:

“ನಾನು ಬೇರೆ ಕಡೆ ಹೋದ್ರೆ ಅವ್ರೇನೂ ಬೇಜಾರು ಮಾಡ್ಕೊಳ್ಳಲ್ಲ ತಾನೆ?”