ಸಾವಿನ ಮನೆಯಲ್ಲಿ ಹಲ್ಲುನೋವು

ಅಣ್ಣ ಸಾಯುವ ಹಿಂದಿನ ದಿನವೇ ಹಲ್ಲಿಗೆ ಸಿಮೆಂಟು ತುಂಬಿಸಿಕೊಳ್ಳಬೇಕೇ? ಸೈಕಲ್ ರಿಪೇರಿಯವನ ಗ್ರಹಚಾರ ಹಾಗಿತ್ತು. ದವಡೆಯ ಹುಳುಕನ್ನು ಆಳಕ್ಕೆ ಕೊರೆದು ತುಂಬಿದ ಡಾಕ್ಟರು, ಎರಡು ಮೂರು ದಿನ ನೋವಿರುತ್ತದೆ, ಮಾತ್ರೆ ತಪ್ಪಿಸಬೇಡಿ ಎಂದಿದ್ದರು. ಬೆಳಗಾಗುವಷ್ಟರಲ್ಲಿ ಅಣ್ಣ ಹೋದ ಸುದ್ದಿ ಬಂತು. ಮಾತ್ರೆಯ ನೆನಪು ಯಾರಿಗಿರುತ್ತದೆ? ಉಟ್ಟ ಬಟ್ಟೆಯಲ್ಲೇ ಓಡಿದ.

ಓಡಿದನೇನೋ ನಿಜ, ಬಾಗಿಲಿಗೆ ಬಂದಾಗ ಕಾಲೇ ಏಳಲಿಲ್ಲ. ತಾಯಿಯಿಲ್ಲದ ಅವನಿಗೆ ಉಣ್ಣಿಸಿ ಬೆಳೆಸಿದವಳು ಅತ್ತಿಗೆ, ಕೈಹಿಡಿದು ಕೆಲಸ ಕಲಿಸಿದವನು ಅಣ್ಣ. ಕಲಿತದ್ದೇ ತಡ, ಈ ಮಹಾರಾಯ ಅಣ್ಣನ ಅಂಗಡಿಯ ಎದುರಿಗೇ ತನ್ನದೊಂದು ಅಂಗಡಿ ತೆರೆದ. ಗಿರಾಕಿಗಳು ರಸ್ತೆ ದಾಟಿ ಇತ್ತ ಬಂದರು. ಅಂದಿನಿಂದ ಅತ್ತಿಗೆ ಅವನ ಮುಖ ನೋಡಿರಲಿಲ್ಲ. ಅಣ್ಣ ಹಾಸಿಗೆ ಹಿಡಿದಾಗ ಹೊರಟು ಹೊರಟು ನಿಂತ, ಯಾವ ಮುಖ ಹೊತ್ತು ಹೋಗುವುದೆಂದು. ಈಗ ಅವಳೊಬ್ಬಳು ಒಳಗೆ ಬಾ ಎಂದರೆ ಸಾಕಾಗಿತ್ತು.

ಅಷ್ಟರಲ್ಲಿ ತಣ್ಣನೆಯ ಗಾಳಿ ಬಾಯಿಗೆ ನುಗ್ಗಿತು. ಹಲ್ಲಿನ ಬೇರಿನಿಂದ ನೆತ್ತಿಯವರೆಗೂ ನೋವು ಛಳಕ್ ಎಂದು ಹೊಡೆದು ಕಣ್ಣೀರು ದಳದಳನೆ ಇಳಿಯಿತು. ದವಡೆ ಹಿಡಿದುಕೊಂಡು ಹೊಸ್ತಿಲಲ್ಲೇ ಕುಸಿದ.

ಅತ್ತಿಗೆ ಎದ್ದು ಬಂದಳು. ಕೂತಿದ್ದ ನೆಂಟರೆಲ್ಲ ಬಾಗಿಲತ್ತ ತಿರುಗಿದರು.

"ಅಳಬೇಡ್ವೋ," ಎಂದಳು. "ನೀನು ಬರ್ತೀಯ ಅಂತ ನಿಮ್ಮಣ್ಣ ಕೊನೇವರೆಗೂ ಬಾಗಿಲು ನೋಡ್ತಾನೇ ಇದ್ರು. ಬಾ ಒಳಗೆ."

ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಸವರುತ್ತಿದ್ದ ಅದೇ ಕೈ. ಇದು ಹಲ್ಲುನೋವು ಅತ್ತಿಗೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಣ್ಣನ ಮುಖ ನೋಡಿದರೆ ಎದೆಯೆಲ್ಲ ಮರಗಟ್ಟಿತ್ತು, ಅಳು ಎಲ್ಲಿ ಅಡಗಿತ್ತೋ. ನೋವು ಒಂದಿಷ್ಟು ತಗ್ಗಿ ಕಣ್ಣು ಆರತೊಡಗಿತು. ಪಾಪಿ ಹೆದರಿದ. ಬೇಕೆಂದೇ ಹಲ್ಲು ಕಚ್ಚಿದ. ತುಸು ಎತ್ತರವಾಗಿದ್ದ ಸಿಮೆಂಟು ಮೇಲಿನ ಹಲ್ಲಿಗೆ ಬಡಿದು ಜೀವ ಬಾಯಿಗೆ ಬಂತು, ಕಣ್ಣೀರೂ ಬಂತು. ಬೆನ್ನ ಮೇಲಿನ ಕೈ ಹಾಗೇ ಉಳಿಯಿತು.

ಆಮೇಲೆ ಅವನ ಹೆಂಡತಿ ಬಂದಳು. ಅವಳನ್ನು ಬೈದು ಫಲವಿಲ್ಲ. ಗಂಡ ಮಾತ್ರೆ ಬಿಟ್ಟು ಓಡಿದ್ದು ಕಂಡು, ಒದ್ದಾಡುತ್ತಾನಲ್ಲ ಎಂದು ತಂದಿದ್ದಳು. ನೀರಿನ ಲೋಟ ಹಿಡಿದು ಮೆಲ್ಲಗೆ ಅಂದಳು: "ಮೊದ್ಲು ಇದನ್ನ ನುಂಗಿ. ರಾತ್ರಿಯೆಲ್ಲ ಹಲ್ಲುನೋವು ಅಂತ ಹೀಗೇ ಅಳ್ತಿದ್ರಲ್ಲ."

ಮೆಲ್ಲಗೆ ಅಂದರೇನು, ಸಾವಿನ ಮನೆಯಲ್ಲಿ ಎಲ್ಲವೂ ಕೇಳಿಸುತ್ತದೆ. ಬೆನ್ನ ಮೇಲಿನ ಕೈ ಸರಿಯಿತು.

ಅವನು ಮಾತ್ರೆ ನುಂಗಿದ. ಹೆಣ ಎತ್ತುವ ಹೊತ್ತಿಗೆ ಹಲ್ಲು ಇದೆಯೋ ಇಲ್ಲವೋ ಎನ್ನುವಷ್ಟು ನೋವು ಇಳಿದಿತ್ತು. ಎತ್ತುವಾಗ ಹೊದಿಕೆ ಜಾರಿ ಅಣ್ಣನ ಕೈ ಹೊರಬಿತ್ತು. ಬೆರಳ ಸಂದಿಗಳಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು. ಅದನ್ನು ಕಂಡದ್ದೇ ಅವನಿಗೆ ತಡೆಯಲಾಗಲಿಲ್ಲ. ಅಣ್ಣಾ ಎಂದು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ.

ಅತ್ತಿಗೆ ಅವನತ್ತ ತಿರುಗಲಿಲ್ಲ. ಅವನ ಹೆಂಡತಿಗೆ ಹೇಳಿದಳು:

"ಇನ್ನೊಂದು ಮಾತ್ರೆ ಕೊಡಮ್ಮ ಅವನಿಗೆ."