ಸೆರಗಿನಲ್ಲಿ ಬೆರೆತ ಗುಳಿಗೆಗಳು

ಸಂಡೂರಿನ ಗುಡ್ಡದಲ್ಲಿ ಅದಿರು ಒಡೆಯುತ್ತಿದ್ದ ಕಾಲದಲ್ಲಿ ಗಾಳೆಮ್ಮ ಮತ್ತು ದುರ್ಗಕ್ಕನಿಗೆ ಒಂದು ಪದ್ಧತಿ ಇತ್ತು. ಮಧ್ಯಾಹ್ನ ಇಬ್ಬರ ಬುತ್ತಿಯನ್ನೂ ಒಂದೇ ಬಟ್ಟೆಗೆ ಸುರಿದು, ಬೆರೆಸಿ, ಸಮಪಾಲು ಮಾಡುವುದು. ಒಬ್ಬಳದು ಬರೀ ರೊಟ್ಟಿ, ಇನ್ನೊಬ್ಬಳದು ಪುಂಡಿಪಲ್ಯ ಇದ್ದರೂ ಸರಿಯೇ. ಹಂಚಿ ತಿಂದರೆ ಹಸಿವಿಲ್ಲ. ಕೆಂಪು ಧೂಳಿನ ಸಮೇತ ಉಂಡ ಆ ಊಟದ ರುಚಿ ಆಮೇಲೆ ಯಾವ ಮದುವೆಮನೆಯಲ್ಲೂ ಗಾಳೆಮ್ಮನಿಗೆ ಸಿಗಲಿಲ್ಲ.

ಆ ಧೂಳೇ ಈಗ ಇಬ್ಬರ ಎದೆಯಲ್ಲೂ ಕೂತಿದೆ. ಶ್ವಾಸಕೋಶ ಗಟ್ಟಿಯಾಗಿ, ಹತ್ತು ಹೆಜ್ಜೆಗೇ ಏದುಸಿರು. ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಹೊಸ ಔಷಧದ ಪರೀಕ್ಷೆಗೆ ಇಬ್ಬರೂ ಹೆಸರು ಕೊಟ್ಟರು. ಕೆಲವರ ಡಬ್ಬಿಯಲ್ಲಿ ನಿಜವಾದ ಗುಳಿಗೆ, ಕೆಲವರದರಲ್ಲಿ ನೋಡಲು ಹಾಗೆಯೇ ಇರುವ ಪೊಳ್ಳು ಗುಳಿಗೆ. ಯಾರದು ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ತಿಂಗಳಿಗೊಮ್ಮೆ ಕಂಪ್ಲಿಯಿಂದ ದುರ್ಗಕ್ಕ ಬರುವಳು, ಕಡ್ಡಿರಾಂಪುರದಿಂದ ಗಾಳೆಮ್ಮ. ಹದಿನೈದು ವರ್ಷ ಮುಖ ನೋಡದವರು ಮತ್ತೆ ಜೊತೆಗೆ ಕೂತು ಬುತ್ತಿ ಬಿಚ್ಚಿದರು. ಪಾಲು ಮಾಡಿ ರೂಢಿಯಾದ ಕೈ ಸುಮ್ಮನಿದ್ದೀತೇ?

ನಾಲ್ಕನೆಯ ತಿಂಗಳು ಆಸ್ಪತ್ರೆಯ ಬೇವಿನ ಮರದಡಿ ಅದು ನರ್ಸ್ ಪಲ್ಲವಿಯ ಕಣ್ಣಿಗೆ ಬಿತ್ತು. ಎರಡೂ ಡಬ್ಬಿಯ ಗುಳಿಗೆ ಗಾಳೆಮ್ಮನ ಸೆರಗಿನಲ್ಲಿ ಬೆರೆತಿದ್ದವು. ದುರ್ಗಕ್ಕ ಪಾಲು ಹಾಕುತ್ತಿದ್ದಳು.

"ಅಯ್ಯೋ, ಏನ್ ಮಾಡಾಕತ್ತೀರಿ!"

"ಪೊಳ್ಳು ಯಾರಿಗೆ ಬಂದೈತೋ ಏನೋ. ಒಬ್ಬಾಕಿ ಉಳಿದು ಒಬ್ಬಾಕಿ ಹೋದ್ರ ಹೆಂಗವ್ವಾ?" ಎಂದಳು ಗಾಳೆಮ್ಮ.

ಪಲ್ಲವಿ ಹಣೆ ಚಚ್ಚಿಕೊಂಡಳು. "ಇವತ್ತ ಮೊದಲೋ, ಮುಂಚೇನೂ ಹಿಂಗ ಮಾಡೀರೋ? ಮಾಡಿದ್ರ ಇಬ್ರನ್ನೂ ಪರೀಕ್ಷೆಯಿಂದ ಕೈಬಿಡಬೇಕಾಗ್ತೈತ್ರಿ. ಇಲ್ಲಾಂದ್ರ ಔಷಧಿ ನಾಟ್ತೋ ಇಲ್ಲೋ ತಿಳಿಯೂದಿಲ್ಲ. ನಾಳೆ ನಿಮ್ಮಂಗ ಧೂಳು ಕುಡಿದವರಿಗೆ ಇದನ್ನ ಅಲ್ರೀ ಕೊಡೋದು?"

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ದುರ್ಗಕ್ಕ ಗೆಳತಿಯ ತೊಡೆ ಚಿವುಟಿದಳು. ದುರ್ಗಕ್ಕನ ಕೆಮ್ಮು ಈಚೆಗೆ ಇಳಿದಿತ್ತು. ಅದು ಗಾಳೆಮ್ಮನಿಗೂ ಗೊತ್ತು. ಇವತ್ತೇ ಮೊದಲು ಎಂದರೆ ಗುಳಿಗೆ ಉಳಿಯುತ್ತಿತ್ತು. ಆದರೆ ಗುಡ್ಡದಲ್ಲಿ ಸಾಲಾಗಿ ಕೂತು ಸುತ್ತಿಗೆ ಬೀಸಿದ ಹೆಂಗಸರ ಮುಖಗಳು ಒಂದೊಂದಾಗಿ ಗಾಳೆಮ್ಮನ ಕಣ್ಣ ಮುಂದೆ ಬಂದವು. ಸುಳ್ಳು ಹೇಳಿದರೆ ಅವರ ಪಾಲನ್ನೂ ಕಿತ್ತು ತಿಂದ ಹಾಗೆ.

"ಮೂರು ತಿಂಗಳಾತವ್ವಾ," ಎಂದಳು.

ಪಲ್ಲವಿ ಗುಳಿಗೆಗಳನ್ನೆಲ್ಲ ಎತ್ತಿಕೊಂಡು ಹೋದಳು. ಔಷಧವೂ ಹೋಯಿತು, ದುರ್ಗಕ್ಕ ಬರುವ ನೆಪವೂ ಹೋಯಿತು ಎಂದು ಗಾಳೆಮ್ಮ ಅತ್ತೇಬಿಟ್ಟಳು.

ಆಗ ದುರ್ಗಕ್ಕ ತನ್ನ ಬುತ್ತಿ ಬಿಚ್ಚಿ, ರೊಟ್ಟಿಗಳನ್ನು ಆ ಖಾಲಿ ಸೆರಗಿಗೆ ಹಾಕಿದಳು.

"ಅಳಬ್ಯಾಡ. ನಿಂದೂ ಬಿಚ್ಚು. ಮುಂದಿನ ತಿಂಗಳು ನಾನ ನಿಮ್ಮೂರಿಗೆ ಬರ್ತೀನಿ, ಉಸಿರಿದ್ರ."

ಗಾಳೆಮ್ಮ ಕಣ್ಣೊರೆಸಿಕೊಂಡು ಪಾಲು ಮಾಡತೊಡಗಿದಳು.